ಬಿಜಾಪುರವನ್ನು ವಿಜಯಪುರ ಮಾಡುವ ಬಗೆ: ಟರ್ಮಿನಲ್‌ನಲ್ಲಿ ವಿಮ್ ಬಳಸಲು ಕಲಿಯಿರಿ

ನಮ್ಮ ಓಣಿಯ ವಾಚನಾಲಯದಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಅದಕ್ಕೆ ಲಿನಕ್ಸ್ ಹಾಕಿದ್ದೇವೆ. ಯಂತ್ರದ ಶಕ್ತಿ ಕಡಿಮೆಯಾದ್ದರಿಂದ ಕಿಟಕಿ, ಚಿತ್ರ, ಮೌಸ್ ಯಾವುದೂ ಇಲ್ಲ, ಕಪ್ಪು ಪರದೆಯಷ್ಟೇ. ಆ ಪರದೆಗೆ ಕನ್ನಡ ತೋರಿಸಲು ಬರುವುದಿಲ್ಲ. ಹಾಗಾಗಿ ನನ್ನ ಲ್ಯಾಪ್‌ಟಾಪ್‌ನ ಟರ್ಮಿನಲ್‌ನಿಂದ, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಿಂದ, ಬೇರೆ ಯಂತ್ರದೊಳಗೆ ಹೋಗಲು ಬಳಸುವ ಎಸ್‌ಎಸ್‌ಎಚ್ ಮೂಲಕ ಅದರೊಳಗೆ ಹೋಗಿ ಕೆಲಸ ಮಾಡುತ್ತೇನೆ. ಸದಸ್ಯರ ವಿಳಾಸಗಳು ಮತ್ತು ಪುಸ್ತಕಗಳ ವಿವರ ಒಂದೇ ಕಡತದಲ್ಲಿವೆ.

ವಾಚನಾಲಯ ನೋಡಿಕೊಳ್ಳುವ ಹಿರಿಯರನ್ನು ನಾವೆಲ್ಲ ಕಾಕಾ ಎಂದೇ ಕರೆಯುತ್ತೇವೆ. ಒಂದು ದಿನ ಅವರು ಕೇಳಿದರು: "ತಮ್ಮಾ, ಪಟ್ಟಿಯ ತುಂಬ ಇನ್ನೂ ಬಿಜಾಪುರ ಎಂದೇ ಇದೆಯಲ್ಲ. ಹೆಸರು ಬದಲಾಗಿ ಎಷ್ಟು ವರ್ಷವಾಯಿತು! ಒಂದೊಂದೇ ತಿದ್ದುತ್ತಾ ಕೂತರೆ ನನ್ನ ಕಣ್ಣು ಉಳಿಯುವುದಿಲ್ಲ. ಬೇರೆ ದಾರಿ ಇದೆಯೇ?"

ದಾರಿ ಇದೆ. ಅದರ ಹೆಸರು ವಿಮ್, ಟರ್ಮಿನಲ್‌ನಲ್ಲೇ ಕಡತ ಬರೆಯುವ, ತಿದ್ದುವ ತಂತ್ರಾಂಶ. ಲಿನಕ್ಸ್‌ನಂಥ ಯುನಿಕ್ಸ್ ಮಾದರಿಯ ಬಹುತೇಕ ಯಂತ್ರಗಳಲ್ಲಿ ಇದು ಅಥವಾ ಇದರ ಹಿರಿಯ ವಿಐ ಸಿಗುತ್ತದೆ. ಕಾಕಾ ಅವರ ಪಟ್ಟಿಯನ್ನೇ ಮುಂದಿಟ್ಟುಕೊಂಡು, ವಿಮ್ ಬಳಸುವ ಬಗೆಯನ್ನು ಮೊದಲ ಕೀಲಿಯಿಂದ ಹೇಳುತ್ತೇನೆ.

ಒಂದು ಸೂಚನೆ. ಕೀಲಿಗಳನ್ನೂ ಆಜ್ಞೆಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. "ಐ ಒತ್ತಿ" ಎಂದರೆ ಇಂಗ್ಲಿಷಿನ ಆ ಅಕ್ಷರದ ಕೀಲಿ ಒತ್ತಬೇಕು. ":ಸೆಟ್ ನಂಬರ್" ಎಂದಿದ್ದರೆ ಅದನ್ನು ಇಂಗ್ಲಿಷ್ ಕಾಗುಣಿತದಲ್ಲಿ ಟೈಪ್ ಮಾಡಬೇಕು. ಹುಡುಕುವ ಮತ್ತು ಬದಲಿಸುವ ಕನ್ನಡ ಪದಗಳು ಮಾತ್ರ ಕನ್ನಡದಲ್ಲೇ ಇರಲಿ. "ದೊಡ್ಡ ಎ" ಎಂದರೆ ಶಿಫ್ಟ್ ಹಿಡಿದು ಒತ್ತುವ ಎ.

ಒಳಗೆ ಹೋಗುವುದು, ಹೊರಗೆ ಬರುವುದು

ಡೆಬಿಯನ್ ಅಥವಾ ಉಬುಂಟು ಆಗಿದ್ದರೆ ಮೊದಲು ಪೂರ್ಣ ವಿಮ್ ಹಾಕಿಕೊಳ್ಳಿ. ಅವುಗಳಲ್ಲಿ ಮೊದಲೇ ಇರುವುದು ಕೈಕಾಲು ಕತ್ತರಿಸಿದ ಚಿಕ್ಕ ಆವೃತ್ತಿ. ಈ ಲೇಖನದ ಅರ್ಧ ಸಂಗತಿಗಳು ಅದರಲ್ಲಿ ನಡೆಯುವುದಿಲ್ಲ.

ಸುಡೊ ಆಪ್ಟ್ ಇನ್‌ಸ್ಟಾಲ್ ವಿಮ್

ನಂತರ ಬರಿಯ "ವಿಮ್" ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಪರದೆಯ ನಡುವೆ ಕೆಲವು ಸಾಲುಗಳು ಕಾಣುತ್ತವೆ. ಕೆಲವೊಮ್ಮೆ ಅವುಗಳಲ್ಲಿ ಒಂದು, ಉಗಾಂಡದ ಬಡ ಮಕ್ಕಳಿಗೆ ನೆರವಾಗಿ ಎನ್ನುತ್ತದೆ. ಅದು ಜಾಹೀರಾತಲ್ಲ. ವಿಮ್ ಬರೆದ ನೆದರ್‌ಲ್ಯಾಂಡ್ಸ್‌ನ ಬ್ರಾಮ್ ಮೂಲೆನಾರ್ 1991ರಲ್ಲಿ ಇದನ್ನು ಬಿಡುಗಡೆ ಮಾಡಿದರು. ತಂತ್ರಾಂಶಕ್ಕೆ ಬೆಲೆ ಕೇಳಲಿಲ್ಲ. ಕೊಡಬೇಕೆನಿಸಿದವರು ಉಗಾಂಡದ ಆ ಮಕ್ಕಳಿಗೆ ಕೊಡಿ ಎಂದರು. 2023ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. 2024ರ ಜನವರಿಯಲ್ಲಿ ಬಂದ 9.1ನೇ ಆವೃತ್ತಿಯನ್ನು ಅವರಿಗೇ ಅರ್ಪಿಸಲಾಗಿದೆ. ಆ ಸಾಲು ಕಂಡಾಗಲೆಲ್ಲ ನನಗೆ ಅವರ ಬಗ್ಗೆ ಗೌರವ ಮೂಡುತ್ತದೆ.

ಈಗ ಹೊರಗೆ ಬರೋಣ. ಎಸ್ಕೇಪ್ ಒತ್ತಿ, ನಂತರ ಹೀಗೆ ಟೈಪ್ ಮಾಡಿ ಎಂಟರ್ ಕೊಡಿ:

:ಕ್ಯೂ

ಬದಲಾವಣೆ ಉಳಿಸಿ ಹೊರಬರಲು ":ಡಬ್ಲ್ಯೂಕ್ಯೂ". ಮಾಡಿದ್ದೆಲ್ಲ ಬೇಡ, ಹಾಗೇ ಬಿಟ್ಟು ಹೋಗುತ್ತೇನೆ ಎಂದರೆ ":ಕ್ಯೂ!". ಇಷ್ಟನ್ನು ಮೊದಲ ದಿನವೇ ಕೈಗೆ ರೂಢಿಸಿಕೊಳ್ಳಿ. ಹೊರಬರುವ ದಾರಿ ಗೊತ್ತಿದ್ದವರಿಗೆ ಒಳಗೆ ಓಡಾಡಲು ಅಂಜಿಕೆ ಇರುವುದಿಲ್ಲ.

ವಿಂಡೋಸ್‌ನಿಂದ ಬಂದವರ ಬೆರಳು ತಾನಾಗಿ ಕಂಟ್ರೋಲ್-ಎಸ್ ಒತ್ತುತ್ತದೆ. ಹಲವು ಟರ್ಮಿನಲ್‌ಗಳಲ್ಲಿ ಅದರಿಂದ ಕಡತ ಉಳಿಯುವುದಿಲ್ಲ. ಪರದೆ ಹೆಪ್ಪುಗಟ್ಟಿದಂತೆ ನಿಂತುಬಿಡುತ್ತದೆ. ಗಾಬರಿ ಬೇಡ, ಕಂಟ್ರೋಲ್-ಕ್ಯೂ ಒತ್ತಿದರೆ ಮತ್ತೆ ಚಲಿಸುತ್ತದೆ. ಕಂಟ್ರೋಲ್-ಝಡ್ ಒತ್ತಿದರೆ ವಿಮ್ ಮಾಯವಾಗಿ ಟರ್ಮಿನಲ್ ಕಾಣುತ್ತದೆ. ಕಡತ ಹೋಗಿಲ್ಲ, ವಿಮ್ ಹಿಂದೆ ಸರಿದು ನಿಂತಿದೆ ಅಷ್ಟೇ. "ಎಫ್‌ಜಿ" ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಮುಂದೆ ಬರುತ್ತದೆ.

ಎರಡು ಸ್ಥಿತಿಗಳು

ವಿಮ್ ತೆರೆದ ಕೂಡಲೇ ಟೈಪ್ ಮಾಡಲು ಹೋದರೆ ಅಕ್ಷರ ಮೂಡುವುದಿಲ್ಲ. ಆಗ ನೀವು ಇರುವುದು ಸಾಮಾನ್ಯ ಸ್ಥಿತಿಯಲ್ಲಿ. ಇಲ್ಲಿ ಪ್ರತಿ ಕೀಲಿಯೂ ಒಂದು ಆಜ್ಞೆ. ಐ ಒತ್ತಿದರೆ ಬರೆಯುವ ಸ್ಥಿತಿಗೆ ಹೋಗುತ್ತೀರಿ, ಕೆಳಗಡೆ "ಇನ್ಸರ್ಟ್" ಎಂದು ತೋರಿಸುತ್ತದೆ. ಎಸ್ಕೇಪ್ ಒತ್ತಿದರೆ ಮತ್ತೆ ಸಾಮಾನ್ಯ ಸ್ಥಿತಿ. ಎಲ್ಲಿದ್ದೇನೆ ಎಂದು ಗೊಂದಲವಾದರೆ ಎರಡು ಸಲ ಎಸ್ಕೇಪ್ ಒತ್ತಿ. ಖಂಡಿತ ಸಾಮಾನ್ಯ ಸ್ಥಿತಿಯಲ್ಲೇ ಇರುತ್ತೀರಿ.

ಇದು ಏಕೆ ಹೀಗಿದೆ ಎಂದು ತಿಳಿದರೆ ಕಲಿಯುವುದು ಸುಲಭ. 1976ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ವಿದ್ಯಾರ್ಥಿಯಾಗಿದ್ದ ಬಿಲ್ ಜಾಯ್ ವಿಐ ಬರೆದಾಗ ಅವರ ಬಳಿ ಇದ್ದದ್ದು ಸೆಕೆಂಡಿಗೆ 300 ಬಿಟ್‌ನಷ್ಟೇ ಸಾಗಿಸುವ ಮೋಡೆಮ್. ಪರದೆ ಒಮ್ಮೆ ತುಂಬಲು ಎಷ್ಟೋ ಹೊತ್ತು ಬೇಕಿತ್ತು. ಆದ್ದರಿಂದ ಒಂದೊಂದು ಅಕ್ಷರಕ್ಕೂ ದೊಡ್ಡ ಕೆಲಸ ವಹಿಸಿದರು. ಅವರು ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಬಾಣದ ಗುರುತುಗಳು ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಇದ್ದವು. ಇಂದಿಗೂ ವಿಮ್‌ನಲ್ಲಿ ಎಚ್ ಎಡಕ್ಕೆ, ಜೆ ಕೆಳಗೆ, ಕೆ ಮೇಲೆ, ಎಲ್ ಬಲಕ್ಕೆ ಒಯ್ಯುತ್ತವೆ. ಈಗ ಟ್ಯಾಬ್ ಇರುವ ಜಾಗದಲ್ಲಿ ಆಗ ಎಸ್ಕೇಪ್ ಇತ್ತು. ಮೂಲೆಯಲ್ಲಿರುವ ಎಸ್ಕೇಪ್ ದೂರವೆನಿಸಿದರೆ ಕಂಟ್ರೋಲ್ ಜೊತೆ ಎಡ ಚೌಕಾವರಣದ ಕೀಲಿ ಒತ್ತಿ, ಎರಡೂ ಒಂದೇ.

ನಿಧಾನದ ಮೋಡೆಮ್ ಹಳೆಯ ಕಾಲದ ಮಾತು ಎನ್ನಬೇಡಿ. ನಮ್ಮ ಕಡೆ ಹಳ್ಳಿಗೆ ಹೋದಾಗ ಮೊಬೈಲ್ ಸಿಗ್ನಲ್ ಒಂದು ಗೆರೆಗೆ ಇಳಿಯುತ್ತದೆ. ಮುದ್ದೇಬಿಹಾಳದ ಹತ್ತಿರದ ಒಂದು ಊರಿನ ಕಟ್ಟೆಯ ಮೇಲೆ ಕುಳಿತು, ಅಷ್ಟೇ ಸಿಗ್ನಲ್‌ನಲ್ಲಿ ವಾಚನಾಲಯದ ಪಟ್ಟಿ ತಿದ್ದಿದ್ದೇನೆ. ಮೌಸ್ ಬೇಡುವ ಯಾವ ತಂತ್ರಾಂಶವೂ ಅಲ್ಲಿ ಅಲುಗಾಡುತ್ತಿರಲಿಲ್ಲ.

ಆಜ್ಞೆಗಳಿಗೂ ವ್ಯಾಕರಣವಿದೆ

ವಿಮ್ ಕಲಿಯಲು ನೂರು ಆಜ್ಞೆಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಕ್ರಿಯಾಪದಗಳು ಬೇರೆ, ಕರ್ಮಗಳು ಬೇರೆ, ಜೋಡಿಸಿದರೆ ವಾಕ್ಯ. ಡಿ ಎಂದರೆ ಅಳಿಸು, ಸಿ ಎಂದರೆ ಬದಲಿಸು, ವೈ ಎಂದರೆ ನಕಲು ಮಾಡು. ಡಬ್ಲ್ಯೂ ಎಂದರೆ ಮುಂದಿನ ಪದದವರೆಗೆ, $ ಎಂದರೆ ಸಾಲಿನ ಕೊನೆಯವರೆಗೆ, } ಎಂದರೆ ಪ್ಯಾರಾದ ಕೊನೆಯವರೆಗೆ. ಡಿ ಡಬ್ಲ್ಯೂ ಒತ್ತಿದರೆ ಒಂದು ಪದ ಹೋಗುತ್ತದೆ. ವೈ } ಒತ್ತಿದರೆ ಪ್ಯಾರಾ ನಕಲಾಗುತ್ತದೆ. ಕ್ರಿಯಾಪದವನ್ನೇ ಎರಡು ಸಲ ಒತ್ತಿದರೆ ಇಡೀ ಸಾಲು: ಡಿಡಿ. ಮುಂದೆ ಸಂಖ್ಯೆ ಸೇರಿಸಿ 3ಡಿಡಿ ಎಂದರೆ ಮೂರು ಸಾಲು. ಅಳಿಸಿದ್ದನ್ನು ಬೇರೆಡೆ ಇಡಲು ಪಿ.

ಕನ್ನಡಿಗರಿಗೆ ಇಲ್ಲಿ ಮೊದಲು ಸ್ವಲ್ಪ ತೊಡಕಾಗುತ್ತದೆ. ನಮ್ಮ ಮಾತಿನಲ್ಲಿ "ಪದವನ್ನು ಅಳಿಸು" ಎನ್ನುತ್ತೇವೆ. ಕರ್ಮ ಮೊದಲು, ಕ್ರಿಯೆ ಕೊನೆಗೆ. ವಿಮ್ "ಅಳಿಸು ಪದವನ್ನು" ಎನ್ನುತ್ತದೆ. ಈ ತಿರುವು ಕೈಗೆ ಹತ್ತಲು ನಾಲ್ಕು ದಿನ ಬೇಕು. ಅಲ್ಲಿಯವರೆಗೆ ನಮ್ಮ ಕ್ರಮದಲ್ಲೇ ಕೆಲಸ ಮಾಡುವ ದಾರಿಯೂ ಇದೆ. ವಿ ಒತ್ತಿ, ಕರ್ಸರ್ ಸರಿಸುತ್ತಾ ಬೇಕಾದಷ್ಟು ಭಾಗವನ್ನು ಆಯ್ದುಕೊಳ್ಳಿ. ಅದು ಬಣ್ಣ ಬದಲಿಸಿ ಕಾಣುತ್ತದೆ. ನಂತರ ಡಿ ಒತ್ತಿ. ಮೊದಲು ಕರ್ಮ, ಆಮೇಲೆ ಕ್ರಿಯೆ. ನಾನು ಕಲಿಸುವಾಗ ಹೊಸಬರಿಗೆ ಇದನ್ನೇ ಮೊದಲು ಹೇಳಿಕೊಡುತ್ತೇನೆ. ಕಣ್ಣಿಗೆ ಕಂಡದ್ದನ್ನು ಅಳಿಸುವಾಗ ಧೈರ್ಯವಿರುತ್ತದೆ. ದೊಡ್ಡ ವಿ ಒತ್ತಿದರೆ ಇಡೀ ಸಾಲುಗಳೇ ಆಯ್ಕೆಯಾಗುತ್ತವೆ, ಕಂಟ್ರೋಲ್-ವಿ ಒತ್ತಿದರೆ ಕಂಬದಂತೆ ಉದ್ದಕ್ಕೆ ಆಯ್ಕೆ ಮಾಡಬಹುದು.

ನಮ್ಮ ಪಟ್ಟಿಯಲ್ಲಿ ವಿವರಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ್ದೇವೆ. ಒಬ್ಬರ ಊರಿನ ಹೆಸರು ತಪ್ಪಿದೆ ಎನ್ನಿ. ಆ ಹೆಸರಿನ ಮೊದಲ ಅಕ್ಷರದ ಮೇಲೆ ನಿಂತು ಸಿ, ಟಿ, ಅಲ್ಪವಿರಾಮ ಒತ್ತಿದರೆ ಅಲ್ಪವಿರಾಮದವರೆಗಿನ ಭಾಗ ಅಳಿದು, ಬರೆಯುವ ಸ್ಥಿತಿ ಬರುತ್ತದೆ. ಹೊಸ ಹೆಸರು ಬರೆದು ಎಸ್ಕೇಪ್ ಒತ್ತಿ. ಇನ್ನೊಂದು ಸಾಲಿನಲ್ಲೂ ಅದೇ ತಪ್ಪಿದ್ದರೆ ಅಲ್ಲಿಗೆ ಹೋಗಿ ಬರಿಯ ಚುಕ್ಕೆ ಒತ್ತಿ. ಈಗ ತಾನೇ ಮಾಡಿದ ಬದಲಾವಣೆಯನ್ನು ಚುಕ್ಕೆಯೊಂದೇ ಮತ್ತೆ ಮಾಡುತ್ತದೆ. ವಿಮ್‌ನ ಒಂದೇ ಒಂದು ಕೀಲಿ ಉಳಿಸಿಕೊಳ್ಳಿ ಎಂದರೆ ನಾನು ಆ ಚುಕ್ಕೆಯನ್ನು ಉಳಿಸಿಕೊಳ್ಳುತ್ತೇನೆ.

ಕನ್ನಡದಲ್ಲಿ ಬರೆಯುವಾಗ

ಭಾರತೀಯ ಭಾಷೆಗಳ ಕೀಲಿಮಣೆಯ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಜೆ ಕೀಲಿ ಒತ್ತಿದರೆ ರ ಮೂಡುತ್ತದೆ, ಕೆ ಒತ್ತಿದರೆ ಕ. ಕೀಲಿಮಣೆ ಕನ್ನಡದಲ್ಲಿದ್ದಾಗ ಸಾಮಾನ್ಯ ಸ್ಥಿತಿಗೆ ಬಂದು ಜೆ ಒತ್ತಿದರೆ ವಿಮ್‌ಗೆ ತಲುಪುವುದು ರ. ಅದಕ್ಕೆ ಅಂಥ ಆಜ್ಞೆ ಗೊತ್ತಿಲ್ಲ. ಆದ್ದರಿಂದ ಒಂದು ಕಟ್ಟುನಿಟ್ಟು ಇಟ್ಟುಕೊಳ್ಳಿ: ಬರೆದು ಮುಗಿದ ಕೂಡಲೇ ಮೊದಲು ಕೀಲಿಮಣೆಯನ್ನು ಇಂಗ್ಲಿಷಿಗೆ ತಿರುಗಿಸಿ, ಆಮೇಲೆ ಎಸ್ಕೇಪ್.

ಟರ್ಮಿನಲ್‌ಗಳು ಪ್ರತಿ ಅಕ್ಷರವನ್ನೂ ಒಂದೇ ಅಗಲದ ಚೌಕದಲ್ಲಿ ಕೂರಿಸುತ್ತವೆ. ನಮ್ಮ ಒತ್ತಕ್ಷರಗಳಿಗೆ ಆ ಚೌಕ ಸಾಲದು. ಕೆಲವೆಡೆ ಒತ್ತು ಬಿಡಿಯಾಗಿ ಕಾಣುತ್ತದೆ, ದೀರ್ಘ ಪಕ್ಕದ ಅಕ್ಷರದ ಮೇಲೆ ಬೀಳುತ್ತದೆ. ಇದು ತೋರಿಕೆಯ ದೋಷ ಮಾತ್ರ. ಕಡತದೊಳಗಿನ ಬರಹ ಸರಿಯಾಗಿಯೇ ಇರುತ್ತದೆ. ಬೇರೆ ಬೇರೆ ಟರ್ಮಿನಲ್‌ಗಳಲ್ಲಿ ತೆರೆದು, ಕಣ್ಣಿಗೆ ಹಿತವಾದದ್ದನ್ನು ಆರಿಸಿಕೊಳ್ಳಿ.

ಆದರೆ ಕಡತ ತೆರೆದಾಗ ಕನ್ನಡದ ಬದಲು ತಲೆಯ ಮೇಲೆ ಚುಕ್ಕೆ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ ಕಂಡರೆ ಸಂಗತಿ ಬೇರೆ. ಅದು ಯುನಿಕೋಡ್‌ಗಿಂತ ಹಿಂದಿನ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ಬರಹ. ಮೊದಲು ಪರಿವರ್ತಕದಿಂದ ಯುನಿಕೋಡ್‌ಗೆ ಬದಲಿಸಿಕೊಳ್ಳದೆ ಅದರಲ್ಲಿ ಹುಡುಕುವುದೂ ಆಗದು, ತಿದ್ದುವುದೂ ಆಗದು. ಕಾಕಾ ಅವರ ಪುಸ್ತಕಗಳ ವಿವರದಲ್ಲಿ ಅರ್ಧ ಭಾಗ ಹಾಗೆಯೇ ಇತ್ತು. ಅದನ್ನು ಬದಲಿಸಿಕೊಳ್ಳಲು ಒಂದು ಸಂಜೆ ಹಿಡಿಯಿತು.

ಬಿಜಾಪುರ ಬದಲಿಸುವ ಕೆಲಸ

2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಅಧಿಕೃತವಾಗಿ ಬದಲಾದಾಗ ಬಿಜಾಪುರ ವಿಜಯಪುರವಾಯಿತು, ಬೆಳಗಾಂ ಬೆಳಗಾವಿಯಾಯಿತು. ಒಂದು ಹೆಸರಿನ ಬದಲು ಇನ್ನೊಂದು ಹಾಕಿದರಾಯಿತು ಎಂದು ತೋರುತ್ತದೆ. ಹಾಗೆ ಕುರುಡಾಗಿ ಮಾಡಿದರೆ ಪಟ್ಟಿ ಮೊದಲಿಗಿಂತ ಹೆಚ್ಚು ಕೆಡುತ್ತದೆ. ಈ ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಿ.

ಮೊದಲು, ವಿಮ್ ತೆರೆಯುವ ಮುನ್ನವೇ ಕಡತದ ಒಂದು ಪ್ರತಿ ತೆಗೆದಿಡಿ ("ಪಟ್ಟಿ" ಎಂಬುದು ನಮ್ಮ ಕಡತದ ಹೆಸರು, ಅಲ್ಲಿ ನಿಮ್ಮ ಕಡತದ ಹೆಸರು ಹಾಕಿ):

ಸಿಪಿ ಪಟ್ಟಿ ಪಟ್ಟಿ-ಹಳೆಯದು

ನಂತರ "ವಿಮ್ ಪಟ್ಟಿ" ಎಂದು ತೆರೆದು, ಬದಲಿಸದೆ ಎಣಿಸಿ:

:%ಎಸ್/ಬಿಜಾಪುರ//ಜಿಎನ್

ಕೊನೆಯ ಎನ್ ಇದ್ದರೆ ವಿಮ್ ಏನನ್ನೂ ಮುಟ್ಟುವುದಿಲ್ಲ, ಎಷ್ಟು ಕಡೆ ಸಿಕ್ಕಿತು ಎಂದಷ್ಟೇ ಹೇಳುತ್ತದೆ. ಕೆಲವರು ವಿಜಾಪುರ ಎಂದೂ ಬರೆದಿರುತ್ತಾರೆ, ಅದನ್ನೂ ಎಣಿಸಿ. ಈ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಈಗ ಮುಖ್ಯ ತೊಡಕು. ಬಾಗಲಕೋಟೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ಸದಸ್ಯರ ವಿಳಾಸದಲ್ಲಿ "ಬಾದಾಮಿ, ಬಿಜಾಪುರ ಜಿಲ್ಲೆ" ಎಂದಿರುತ್ತದೆ. ಅದು ವಿಜಯಪುರ ಜಿಲ್ಲೆ ಆಗಕೂಡದು, ಬಾಗಲಕೋಟೆ ಜಿಲ್ಲೆ ಆಗಬೇಕು. ಆದ್ದರಿಂದ ಮೊದಲು ಆ ಕಡೆಯ ಊರುಗಳಿರುವ ಸಾಲುಗಳನ್ನಷ್ಟೇ ಹಿಡಿಯಬೇಕು:

:ಜಿ/ಬಾಗಲಕೋಟೆ\|ಬಾದಾಮಿ\|ಜಮಖಂಡಿ\|ಮುಧೋಳ\|ಹುನಗುಂದ\|ಬೀಳಗಿ/ಎಸ್/ಬಿಜಾಪುರ ಜಿಲ್ಲೆ/ಬಾಗಲಕೋಟೆ ಜಿಲ್ಲೆ/

ಇದನ್ನು ಹೀಗೆ ಓದಿಕೊಳ್ಳಿ: ಈ ಊರುಗಳಲ್ಲಿ ಯಾವುದಾದರೂ ಒಂದು ಇರುವ ಪ್ರತಿ ಸಾಲಿನಲ್ಲೂ ಮುಂದಿನ ಬದಲಾವಣೆ ಮಾಡು. ನಡುವಿನ \| ಎಂಬುದು "ಅಥವಾ". ಈ ಜಿ ಆಜ್ಞೆ ವಿಐಗಿಂತಲೂ ಹಳೆಯದು, ಯುನಿಕ್ಸ್‌ನ ಮೊದಲ ಸಾಲು-ಸಂಪಾದಕವಾದ ಇಡಿಯಿಂದ ಬಂದದ್ದು. ಹುಡುಕಾಟಕ್ಕೆ ಎಲ್ಲರೂ ಬಳಸುವ ಗ್ರೆಪ್ ಎಂಬ ಹೆಸರು ಹುಟ್ಟಿದ್ದೂ ಈ ಆಜ್ಞೆಯನ್ನು ಬರೆಯುವ ಬಗೆಯಿಂದಲೇ. ತಪ್ಪಾಯಿತು ಎನಿಸಿದರೆ ಒಮ್ಮೆ ಯು ಒತ್ತಿ. ಎಷ್ಟೇ ಸಾಲು ಬದಲಾಗಿದ್ದರೂ ಎಲ್ಲವೂ ಒಟ್ಟಿಗೆ ಹಿಂದಿನಂತಾಗುತ್ತವೆ.

ಊರಿನ ಹೆಸರಷ್ಟೇ ಇದ್ದು ತಾಲ್ಲೂಕಿನ ಹೆಸರಿಲ್ಲದ ಸಾಲುಗಳು ಉಳಿಯುತ್ತವೆ. ಇಳಕಲ್ ಎಲ್ಲಿದೆ, ಗುಳೇದಗುಡ್ಡ ಎಲ್ಲಿದೆ, ಬನಹಟ್ಟಿ ಎಲ್ಲಿದೆ ಎಂದು ಕಂಪ್ಯೂಟರಿಗೆ ಗೊತ್ತಿಲ್ಲ. ಕಾಕಾ ಅವರಿಗೆ ಗೊತ್ತು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವರು ಊರು ಹೇಳುತ್ತಾ ಹೋದರು, ನಾನು ಮೇಲಿನ ಆಜ್ಞೆಗೆ ಹೆಸರು ಸೇರಿಸುತ್ತಾ ಹೋದೆ. ಹಳೆಯ ಆಜ್ಞೆಯನ್ನು ಮತ್ತೆ ಟೈಪ್ ಮಾಡಬೇಕಿಲ್ಲ. ಕೋಲನ್ ಒತ್ತಿ ಮೇಲ್ಬಾಣ ಒತ್ತಿದರೆ ಅದು ಬರುತ್ತದೆ.

ಆಮೇಲೆ ಉಳಿದ ಬಿಜಾಪುರ:

:%ಎಸ್/ಬಿಜಾಪುರ/ವಿಜಯಪುರ/ಜಿಸಿ

% ಎಂದರೆ ಇಡೀ ಕಡತ, ಜಿ ಎಂದರೆ ಸಾಲಿನಲ್ಲಿ ಸಿಕ್ಕಿದ್ದೆಲ್ಲ, ಸಿ ಎಂದರೆ ಪ್ರತಿ ಸಲವೂ ನನ್ನನ್ನು ಕೇಳು. ಕರ್ಸರ್ ಒಂದೊಂದೇ ಜಾಗದಲ್ಲಿ ನಿಂತು ಕೇಳುತ್ತದೆ. ಬದಲಿಸಲು ವೈ, ಬಿಡಲು ಎನ್, ಇಲ್ಲಿಗೆ ಸಾಕು ಎಂದರೆ ಕ್ಯೂ, ಇನ್ನು ಕೇಳದೆ ಎಲ್ಲ ಬದಲಿಸು ಎಂದರೆ ಎ. ನಮ್ಮ ಕಡತದಲ್ಲಿ ಪುಸ್ತಕಗಳ ಹೆಸರುಗಳೂ ಇರುವುದರಿಂದ ಎ ಒತ್ತುವ ಹಾಗಿಲ್ಲ. ಪುಸ್ತಕದ ಮುಖಪುಟದ ಮೇಲೆ ಬಿಜಾಪುರ ಎಂದು ಅಚ್ಚಾಗಿದ್ದರೆ ಪಟ್ಟಿಯಲ್ಲೂ ಹಾಗೆಯೇ ಇರಬೇಕು. ಬದಲಿಸಿದರೆ ಹುಡುಕಿ ಬಂದ ಓದುಗನಿಗೆ ಆ ಪುಸ್ತಕ ಸಿಗುವುದಿಲ್ಲ. ಆದಿಲ್‌ಶಾಹಿ ಇತಿಹಾಸದ ಪುಸ್ತಕಗಳ ಸಾಲು ಬಂದಾಗಲೆಲ್ಲ ನಾನು ಎನ್ ಒತ್ತಿದೆ.

ಬಿಜಾಪುರದ ವಿಷಯದಲ್ಲಿ ವಿಭಕ್ತಿಯ ತೊಂದರೆ ಇಲ್ಲ. ಎರಡು ಹೆಸರುಗಳೂ ಪುರ ಎಂದೇ ಮುಗಿಯುವುದರಿಂದ ಬಿಜಾಪುರದ ಎಂಬುದು ವಿಜಯಪುರದ ಆಗುತ್ತದೆ, ಬಿಜಾಪುರಕ್ಕೆ ಎಂಬುದು ವಿಜಯಪುರಕ್ಕೆ ಆಗುತ್ತದೆ. ಬೆಳಗಾಂ ಹಾಗಲ್ಲ. ಬೆಳಗಾಂನಲ್ಲಿ ಎಂಬುದನ್ನು ನೇರವಾಗಿ ಬದಲಿಸಿದರೆ "ಬೆಳಗಾವಿನಲ್ಲಿ" ಎಂಬ ವಿಕಾರ ರೂಪ ಹುಟ್ಟುತ್ತದೆ. ಹಾಗಾಗಿ ಪ್ರತ್ಯಯ ಹತ್ತಿದ ರೂಪಗಳನ್ನು ಮೊದಲು ಮುಗಿಸಿ, ಬರಿಯ ಹೆಸರನ್ನು ಕೊನೆಗೆ ಇಟ್ಟುಕೊಳ್ಳಿ:

:%ಎಸ್/ಬೆಳಗಾಂನಿಂದ/ಬೆಳಗಾವಿಯಿಂದ/ಜಿಸಿ
:%ಎಸ್/ಬೆಳಗಾಂನ/ಬೆಳಗಾವಿಯ/ಜಿಸಿ
:%ಎಸ್/ಬೆಳಗಾಂ/ಬೆಳಗಾವಿ/ಜಿಸಿ

ಆಜ್ಞೆ ಬರೆಯುವಾಗ ನಡುನಡುವೆ ಕೀಲಿಮಣೆ ತಿರುಗಿಸುವುದು ಬೇಸರವೆನಿಸಿದರೆ, ಕರ್ಸರನ್ನು ಆ ಪದದ ಮೇಲಿಟ್ಟು ಆಜ್ಞೆಯ ಸಾಲಿನಲ್ಲಿ ಕಂಟ್ರೋಲ್-ಆರ್, ಕಂಟ್ರೋಲ್-ಡಬ್ಲ್ಯೂ ಒತ್ತಿ. ಪದ ತಾನಾಗಿ ಬಂದು ಕೂರುತ್ತದೆ. ಹುಡುಕುವುದಕ್ಕೂ ಇಂಥದೇ ಅನುಕೂಲವಿದೆ: ಪದದ ಮೇಲೆ ನಿಂತು * ಒತ್ತಿದರೆ ಅದರ ಮುಂದಿನ ಜಾಗಕ್ಕೆ ಹೋಗುತ್ತದೆ. ಆದರೆ ಬರಿಯ * ಇಡೀ ಪದವನ್ನಷ್ಟೇ ಹುಡುಕುವುದರಿಂದ, ಬಿಜಾಪುರ ಹುಡುಕಿದರೆ ಬಿಜಾಪುರದ ಸಿಗುವುದಿಲ್ಲ. ಪ್ರತ್ಯಯಗಳು ಅಂಟಿಕೊಳ್ಳುವ ನಮ್ಮ ಭಾಷೆಗೆ ಜಿ ಮತ್ತು * ಎರಡನ್ನೂ ಒಂದಾದ ಮೇಲೊಂದು ಒತ್ತುವುದೇ ಸರಿ.

ಕರೆಂಟು ಹೋದಾಗ

ಈ ಕೆಲಸದ ನಡುವೆಯೇ, ಮೇ ತಿಂಗಳ ಒಂದು ಸಂಜೆ, ಗಾಳಿ ಎದ್ದು ಧೂಳು ಕವಿದು ಮಳೆ ಹೊಡೆಯಿತು. ಓಣಿಗೆಲ್ಲ ಕತ್ತಲು. ವಾಚನಾಲಯದ ಕಂಪ್ಯೂಟರಿಗೆ ಬ್ಯಾಟರಿ ಇಲ್ಲ. ಒಂದು ಗಂಟೆಯಿಂದ ತಿದ್ದಿದ್ದನ್ನು ನಾನು ಒಮ್ಮೆಯೂ ಉಳಿಸಿರಲಿಲ್ಲ. "ಎಲ್ಲ ಹೋಯಿತೇ, ತಮ್ಮಾ?" ಎಂದರು ಕಾಕಾ. ಹೋಗಿರಲಿಲ್ಲ.

ಕಡತ ತಿದ್ದುತ್ತಿರುವಾಗ ವಿಮ್ ಅದೇ ಜಾಗದಲ್ಲಿ ಒಂದು ಸ್ವಾಪ್ ಕಡತ ಇಟ್ಟುಕೊಂಡಿರುತ್ತದೆ. ಹೆಸರಿನ ಮುಂದೆ ಚುಕ್ಕೆ, ಕೊನೆಗೆ ಎಸ್‌ಡಬ್ಲ್ಯೂಪಿ. ಚುಕ್ಕೆ ಇರುವುದರಿಂದ ಬರಿಯ ಎಲ್‌ಎಸ್ ಆಜ್ಞೆಗೆ ಅದು ಕಾಣುವುದಿಲ್ಲ. "ಎಲ್‌ಎಸ್ -ಎ" ಎಂದರೆ ಕಾಣುತ್ತದೆ. 200 ಅಕ್ಷರ ಟೈಪ್ ಮಾಡಿದ ಮೇಲೆ, ಇಲ್ಲವೇ 4 ಸೆಕೆಂಡ್ ಕೈ ನಿಲ್ಲಿಸಿದರೆ, ಅಲ್ಲಿಯವರೆಗಿನ ಬದಲಾವಣೆಗಳು ಅದರಲ್ಲಿ ದಾಖಲಾಗುತ್ತವೆ. ಎಸ್‌ಎಸ್‌ಎಚ್ ಸಂಪರ್ಕ ಕಡಿದಾಗಲೂ ಇದೇ ಕಾಯುತ್ತದೆ.

ಕರೆಂಟು ಬಂದ ಮೇಲೆ ಕಡತ ತೆರೆದರೆ ಪರದೆ ತುಂಬ ಇ325 ಎಂಬ ದೊಡ್ಡ ಎಚ್ಚರಿಕೆ ಬರುತ್ತದೆ. ಹೆದರಿ ಡಿ ಒತ್ತಬೇಡಿ. ಡಿ ಒತ್ತಿದರೆ ಸ್ವಾಪ್ ಕಡತ ಅಳಿದುಹೋಗುತ್ತದೆ. ಮೊದಲು ಎಚ್ಚರಿಕೆಯನ್ನು ಪೂರ್ತಿ ಓದಿ. ಇನ್ನೊಂದು ವಿಮ್ ಈಗಲೂ ಚಾಲನೆಯಲ್ಲಿದೆ ಎಂದಿದ್ದರೆ, ಬೇರೆ ಯಾರೋ ಅಥವಾ ನೀವೇ ಇನ್ನೊಂದು ಟರ್ಮಿನಲ್‌ನಲ್ಲಿ ಅದೇ ಕಡತ ತೆರೆದಿದ್ದೀರಿ. ಕ್ಯೂ ಒತ್ತಿ ಹೊರಬನ್ನಿ. ಹಾಗಿಲ್ಲದಿದ್ದರೆ ಆರ್ ಒತ್ತಿ. ಉಳಿದ ಬರಹ ಕಣ್ಣ ಮುಂದೆ ಬರುತ್ತದೆ. ಅದನ್ನು ಹಳೆಯ ಹೆಸರಿನ ಮೇಲೆ ಬರೆಯದೆ ಬೇರೆ ಹೆಸರಿನಲ್ಲಿ ಉಳಿಸಿ ಹೊರಬನ್ನಿ:

:ಡಬ್ಲ್ಯೂ ಪಟ್ಟಿ-ಉಳಿದದ್ದು
:ಕ್ಯೂ!

ಈಗ ಎರಡನ್ನೂ ಹೋಲಿಸಿ:

ಡಿಫ್ ಪಟ್ಟಿ ಪಟ್ಟಿ-ಉಳಿದದ್ದು

ಉಳಿದದ್ದು ಸರಿಯಾಗಿದೆ ಎಂದು ಖಚಿತವಾದ ಮೇಲೆ "ಎಂವಿ" ಆಜ್ಞೆಯಿಂದ ಅದನ್ನು ಪಟ್ಟಿಯ ಜಾಗಕ್ಕೆ ತನ್ನಿ, ಸ್ವಾಪ್ ಕಡತವನ್ನು "ಆರ್‌ಎಂ" ಆಜ್ಞೆಯಿಂದ ತೆಗೆಯಿರಿ. ತೆಗೆಯದಿದ್ದರೆ ಮುಂದಿನ ಸಲವೂ ಅದೇ ಎಚ್ಚರಿಕೆ ಬರುತ್ತದೆ. ಅಂದು ನಾನು ಕಳೆದುಕೊಂಡದ್ದು ಕೊನೆಯ ಎರಡು ಪದ ಮಾತ್ರ.

ನಿನ್ನೆಯದನ್ನೂ ಹಿಂದೆಗೆದುಕೊಳ್ಳಬಹುದು

ಯು ಒತ್ತಿದರೆ ಒಂದು ಹೆಜ್ಜೆ ಹಿಂದೆ, ಕಂಟ್ರೋಲ್-ಆರ್ ಒತ್ತಿದರೆ ಒಂದು ಹೆಜ್ಜೆ ಮುಂದೆ. ಸಮಯ ಹೇಳಿಯೂ ಹಿಂದೆ ಹೋಗಬಹುದು. ":ಅರ್ಲಿಯರ್ 10ಎಂ" ಎಂದರೆ ಹತ್ತು ನಿಮಿಷದ ಹಿಂದೆ ಕಡತ ಹೇಗಿತ್ತೋ ಹಾಗೆ. ":ಲೇಟರ್ 10ಎಂ" ಎಂದರೆ ಮತ್ತೆ ಮುಂದಕ್ಕೆ.

ಸಾಮಾನ್ಯವಾಗಿ ಹೊರಬಂದ ಮೇಲೆ ಈ ನೆನಪು ಅಳಿದುಹೋಗುತ್ತದೆ. ಉಳಿಸಿಕೊಳ್ಳಬೇಕೆಂದರೆ ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ".ವಿಮ್" ಎಂಬ ಫೋಲ್ಡರ್ ಮಾಡಿ, ಅದರೊಳಗೆ "ಅಂಡೂ" ಎಂಬ ಇನ್ನೊಂದು ಮಾಡಿ. ನಂತರ ".ವಿಮ್‌ಆರ್‌ಸಿ" ಎಂಬ ಕಡತದಲ್ಲಿ ಈ ಸಾಲುಗಳನ್ನು ಬರೆಯಿರಿ:

ಸೋರ್ಸ್ $ವಿಮ್‌ರನ್‌ಟೈಮ್/ಡಿಫಾಲ್ಟ್ಸ್.ವಿಮ್
ಸೆಟ್ ನಂಬರ್
ಸೆಟ್ ಎಚ್‌ಎಲ್‌ಸರ್ಚ್
ಸೆಟ್ ಅಂಡೂಫೈಲ್
ಸೆಟ್ ಅಂಡೂಡಿರ್=~/.ವಿಮ್/ಅಂಡೂ

ಮೊದಲ ಸಾಲಿನಲ್ಲಿ ವಿಮ್‌ರನ್‌ಟೈಮ್ ಪೂರ್ತಿ ದೊಡ್ಡ ಅಕ್ಷರಗಳಲ್ಲಿರಬೇಕು. ಆ ಸಾಲನ್ನು ಬಿಡಬೇಡಿ. ಸ್ವಂತ ವಿಮ್‌ಆರ್‌ಸಿ ಇಲ್ಲದಿದ್ದಾಗ ವಿಮ್ ತಾನಾಗಿ ಒಳ್ಳೆಯ ಕೆಲವು ಹೊಂದಿಕೆಗಳನ್ನು ಓದಿಕೊಳ್ಳುತ್ತದೆ. ನೀವು ಆ ಕಡತ ಮಾಡಿದ ಕೂಡಲೇ ಅವನ್ನು ಓದುವುದು ನಿಲ್ಲಿಸುತ್ತದೆ. ಹೊಸ ಕಡತ ಬರೆದ ಮೇಲೆ ಬಣ್ಣ ಹೋಯಿತು ಎಂದು ಹಲವರು ದೂರುವುದು ಇದಕ್ಕೇ. ಎರಡನೆಯದು ಸಾಲಿನ ಸಂಖ್ಯೆ ತೋರಿಸುತ್ತದೆ, ಮೂರನೆಯದು ಹುಡುಕಿದ ಪದವನ್ನು ಎದ್ದು ಕಾಣಿಸುತ್ತದೆ. ಕೊನೆಯ ಎರಡರಿಂದ ನಿನ್ನೆ ಮಾಡಿದ್ದನ್ನೂ ಇಂದು ಯು ಒತ್ತಿ ಹಿಂದೆಗೆದುಕೊಳ್ಳಬಹುದು. ನಡುವೆ ಬೇರೆ ತಂತ್ರಾಂಶದಿಂದ ಆ ಕಡತವನ್ನು ತಿದ್ದಿದರೆ ಮಾತ್ರ ಹಳೆಯ ನೆನಪು ಕೆಲಸಕ್ಕೆ ಬರುವುದಿಲ್ಲ.

ಒಮ್ಮೆ ತೋರಿಸಿ, ಐವತ್ತು ಸಲ ಮಾಡಿಸಿ

ಪಟ್ಟಿಯ ಒಂದು ಭಾಗದಲ್ಲಿ "ಹೆಸರು,ಊರು" ಎಂದು ಇದ್ದದ್ದನ್ನು "ಊರು,ಹೆಸರು" ಎಂದು ತಿರುಗಿಸಬೇಕಿತ್ತು. ಇದಕ್ಕೆ ಮ್ಯಾಕ್ರೊ, ಅಂದರೆ ಒತ್ತಿದ ಕೀಲಿಗಳನ್ನು ದಾಖಲಿಸಿಕೊಂಡು ಮತ್ತೆ ಮತ್ತೆ ನಡೆಸುವ ಸೌಲಭ್ಯ. ಮೊದಲ ಸಾಲಿನ ಮೇಲೆ ನಿಂತು ಕ್ಯೂ, ಎ ಒತ್ತಿ; ಕೆಳಗೆ "ರೆಕಾರ್ಡಿಂಗ್" ಎಂದು ಬರುತ್ತದೆ. ಈಗ ಒಂದು ಸಾಲನ್ನು ಕೈಯಾರೆ ತಿರುಗಿಸಿ. ಸೊನ್ನೆ ಒತ್ತಿ ಸಾಲಿನ ಆರಂಭಕ್ಕೆ ಬನ್ನಿ. ಡಿ, ಟಿ, ಅಲ್ಪವಿರಾಮ ಒತ್ತಿದರೆ ಹೆಸರು ಹೋಗುತ್ತದೆ. ದೊಡ್ಡ ಎ ಒತ್ತಿದರೆ ಸಾಲಿನ ಕೊನೆಯಲ್ಲಿ ಬರೆಯುವ ಸ್ಥಿತಿ. ಅಲ್ಲಿ ಒಂದು ಅಲ್ಪವಿರಾಮ ಬರೆದು ಎಸ್ಕೇಪ್. ಪಿ ಒತ್ತಿದರೆ ತೆಗೆದ ಹೆಸರು ಅಲ್ಲಿ ಕೂರುತ್ತದೆ. ಮತ್ತೆ ಸೊನ್ನೆ ಒತ್ತಿ, ಸಾಲಿನ ಆರಂಭದಲ್ಲಿ ಉಳಿದ ಅಲ್ಪವಿರಾಮವನ್ನು ಎಕ್ಸ್ ಒತ್ತಿ ತೆಗೆಯಿರಿ. ಜೆ ಒತ್ತಿ ಕೆಳಗಿನ ಸಾಲಿಗೆ ಇಳಿಯಿರಿ. ಕ್ಯೂ ಒತ್ತಿ ಮುಗಿಸಿ.

ಈಗ @ ಮತ್ತು ಎ ಒತ್ತಿದರೆ ಮುಂದಿನ ಸಾಲು ತಿರುಗುತ್ತದೆ. ಸರಿಯಾಗಿದೆಯೇ ನೋಡಿ. ಸರಿಯಿದ್ದರೆ 50@ಎ. ಕಡತದ ಕೊನೆಯ ಸಾಲು ಬಂದರೆ ಮುಂದೆ ಇಳಿಯಲಾಗದೆ ತಾನಾಗಿ ನಿಲ್ಲುತ್ತದೆ. ಕಾಕಾ ಅವರು ಪರದೆಯ ಮೇಲೆ ಸಾಲುಗಳು ತಿರುಗುವುದನ್ನು ನೋಡಿ, "ಮಗ್ಗದ ಮೇಲೆ ಲಾಳಿ ಓಡಿದಂತೆ ಓಡುತ್ತದೆಯಲ್ಲ!" ಎಂದರು. ಅವರ ತವರೂರು ನೇಕಾರರ ಊರು.

ಉಳಿದ ಕೆಲವು

ಒಂದೇ ಪರದೆಯಲ್ಲಿ ಎರಡು ಕಡತ ಬೇಕಾದರೆ ":ವಿಎಸ್" ಮತ್ತು ಕಡತದ ಹೆಸರು. ಒಂದರಿಂದ ಇನ್ನೊಂದಕ್ಕೆ ಹೋಗಲು ಕಂಟ್ರೋಲ್-ಡಬ್ಲ್ಯೂ ಎರಡು ಸಲ. ಒಂದೇ ವಿಳಾಸ ಎರಡೆರಡು ಸಲ ಬಂದಿದ್ದರೆ ":ಸಾರ್ಟ್ ಯು" ಸಾಲುಗಳನ್ನು ಅನುಕ್ರಮಕ್ಕೆ ತಂದು ಪುನರಾವರ್ತನೆಗಳನ್ನು ತೆಗೆದುಹಾಕುತ್ತದೆ. ಟರ್ಮಿನಲ್‌ನ ಯಾವ ಆಜ್ಞೆಯನ್ನಾದರೂ ":%!" ಆದ ಮೇಲೆ ಬರೆದರೆ ಇಡೀ ಕಡತ ಆ ಆಜ್ಞೆಯ ಮೂಲಕ ಹಾದು ಬರುತ್ತದೆ.

ವಿಮ್ ಎಲ್ಲ ಕೆಲಸಕ್ಕೂ ಬೇಕೆಂದು ನಾನು ಹೇಳುವುದಿಲ್ಲ. ವರ್ಷಕ್ಕೆ ಎರಡು ಸಲ ಸರ್ವರ್‌ನಲ್ಲಿ ಒಂದು ಸಾಲು ತಿದ್ದುವವರಿಗೆ ನ್ಯಾನೊ ಸಾಕು. ಅದರಲ್ಲಿ ಸ್ಥಿತಿಗಳ ಗೊಡವೆಯಿಲ್ಲ, ತೆರೆದ ಕೂಡಲೇ ಬರೆಯಬಹುದು. ಆಜ್ಞೆಗಳು ಪರದೆಯ ಕೆಳಗೇ ಕಾಣುತ್ತವೆ. ಉಳಿಸಲು ಕಂಟ್ರೋಲ್-ಓ, ಹೊರಬರಲು ಕಂಟ್ರೋಲ್-ಎಕ್ಸ್. ದಿನವೂ ಪಟ್ಟಿ, ಲೆಕ್ಕ, ಪ್ರೋಗ್ರಾಂ ತಿದ್ದುವವರು ಮಾತ್ರ ವಿಮ್ ಕಲಿಯಲೇಬೇಕು ಎಂಬುದು ನನ್ನ ಅಭಿಪ್ರಾಯ.

ಕಲಿಯಲು ಟರ್ಮಿನಲ್‌ನಲ್ಲಿ "ವಿಮ್‌ಟ್ಯೂಟರ್" ಎಂದು ಟೈಪ್ ಮಾಡಿ. ಅರ್ಧ ಗಂಟೆಯ ಪಾಠ, ಇಂಗ್ಲಿಷಿನಲ್ಲಿದೆ. ಪಾಠದ ಬರಹವನ್ನೇ ತಿದ್ದುತ್ತಾ ಕಲಿಯಬೇಕು. ನಿಮಗೆ ಸಿಗುವುದು ಅದರ ಒಂದು ಪ್ರತಿ, ಆದ್ದರಿಂದ ಎಷ್ಟು ಕೆಡಿಸಿದರೂ ಮೂಲ ಕೆಡುವುದಿಲ್ಲ. ಮೊದಲ ವಾರ ದಿನಕ್ಕೊಮ್ಮೆ ಮಾಡಿ. ಎರಡನೆಯ ವಾರ ನಿಮ್ಮದೇ ಒಂದು ಹಳೆಯ ಪಟ್ಟಿಯ ಪ್ರತಿ ತೆಗೆದುಕೊಂಡು, ಅದರಲ್ಲಿ ಬಿಜಾಪುರ ಎಷ್ಟು ಕಡೆ ಇದೆ ಎಂದು ಎಣಿಸುವುದರಿಂದ ಶುರು ಮಾಡಿ.